ಖಾಲಿಯಾಗದ ಮೂಲಂಗಿ ಬಟ್ಟಲು

ವಿಶಾಖಪಟ್ಟಣ ಬಂದರಿನ ಕ್ರೇನ್ ಕೆಲಸಕ್ಕೆಂದು ಕೊರಿಯಾದಿಂದ ಬಂದಿದ್ದ ಎಳೆವಯಸ್ಸಿನ ಎಂಜಿನಿಯರ್ ಒಂದು ಕಾಗದಕ್ಕೆ ಸಹಿ ಹಾಕದೆ ವಾರದಿಂದ ಸತಾಯಿಸುತ್ತಿದ್ದ. ಊಟ ಹಾಕಿಸಿದರೆ ಮೆತ್ತಗಾಗುತ್ತಾನೆಂದು ನಮ್ಮ ಮ್ಯಾನೇಜರ್ ಸಾಹೇಬರು ಅವನನ್ನೂ ನನ್ನನ್ನೂ ಒಂದು ಕೊರಿಯನ್ ಹೋಟೆಲಿಗೆ ಕರೆದೊಯ್ದರು. ಇದ್ದದ್ದೇ ನಾಲ್ಕು ಟೇಬಲ್ಲು. ಒಲೆಯ ಮುಂದೆ ಮಗ, ಗಲ್ಲಾದಲ್ಲಿ ಸೊಸೆ, ಬಡಿಸುವುದಕ್ಕೆ ಅಜ್ಜಿ.

ಊಟಕ್ಕೆ ಮೊದಲು ಅಜ್ಜಿ ಪುಟ್ಟ ಬಟ್ಟಲುಗಳಲ್ಲಿ ಮೂಲಂಗಿ, ಸೊಪ್ಪು, ಹುಳಿ ಬಂದ ಎಲೆಕೋಸು ತಂದಿಟ್ಟರು. ಸಾಹೇಬರು ಧಾರವಾಡದವರು, ಬಡಿಸಿದ್ದನ್ನು ಬಿಟ್ಟೇಳುವುದು ಅವರಿಗೆ ಮಹಾಪಾಪ. ಬಟ್ಟಲು ಬಳಿದಿಟ್ಟರು. ಅತಿಥಿಯ ಮುಂದೆ ಖಾಲಿ ಬಟ್ಟಲು ಇರುವುದು ಅಜ್ಜಿಗೆ ಅವಮಾನ. ತಾನು ಕಲಿತಿದ್ದ ಒಂದೇ ತೆಲುಗು ಮಾತಿನಲ್ಲಿ “ತಿನಂಡಿ” ಎಂದು ಮತ್ತೆ ತುಂಬಿದರು. ಸಾಹೇಬರು ಮತ್ತೆ ಬಳಿದರು. ಎಂಜಿನಿಯರ್ ಬೆವರುತ್ತ ಅವರ ಜೊತೆಗೇ ತಿನ್ನುತ್ತಿದ್ದ. ಐದನೇ ಸುತ್ತಿಗೆ ಅಡುಗೆಮನೆಯಲ್ಲಿ ಮೂಲಂಗಿಯೇ ಮುಗಿದು ಎಲ್ಲರೂ ಬಚಾವಾದೆವು.

ಸಾಹೇಬರು ಕೈತೊಳೆಯಲು ಹೋದದ್ದೇ ತಡ, ಎಂಜಿನಿಯರ್ ಸಹಿ ಹಾಕಿ ಕಾಗದವನ್ನು ನನ್ನ ಕೈಗಿತ್ತ. “ನಮ್ಮಲ್ಲಿ ಹಿರಿಯರು ಚಮಚ ಕೆಳಗಿಡುವ ತನಕ ಕಿರಿಯರು ಇಡುವಂತಿಲ್ಲ. ದಯವಿಟ್ಟು ಇನ್ನೊಮ್ಮೆ ಊಟಕ್ಕೆ ಕರೆಯಬೇಡಿ” ಅಂದ.

ಕಾರಿನಲ್ಲಿ ಸಾಹೇಬರು ಬೆಲ್ಟು ಸಡಿಲಿಸುತ್ತ, “ಪಾಪ, ಎಷ್ಟ ಹಸದಿದ್ನೋ ಏನೋ. ನಾ ನಿಲ್ಲಿಸಿದ್ರ ನಾಚ್ಕೋತಾನಂತ ನಾನೂ ತಿಂದೆ ನೋಡಪಾ” ಅಂದರು.

ನಾನು ಸಹಿ ತೋರಿಸಿದೆ.

“ಉಪ್ಪಿನ ಋಣ ಅಂದ್ರ ಇದು. ಇನ್ನೂ ಎರಡು ಕಾಗದ ಅದಾವು, ನಾಳೆ ಮತ್ತ ಊಟಕ್ಕ ಕರಿ.”