ವರದಾ ಕೂರುತ್ತಿದ್ದ ಹೊತ್ತು

ದಾಸನಕೊಪ್ಪದಲ್ಲಿ ವರದಾ ಕೂತದ್ದನ್ನು ಕಂಡವರು ಕಡಿಮೆ. ಅವಳ ಅತ್ತೆ ದುರ್ಗಮ್ಮ ಒಮ್ಮೆ ನೆಂಟರೆದುರು ಹೆಮ್ಮೆಯಿಂದಲೇ ಹೇಳಿದ್ದರು: “ನಮ್ಮ ಸೊಸಿ ಕುಂತು ಉಂಡದ್ದು ನಾ ಅಂತೂ ನೋಡಿಲ್ಲವಾ.” ನೆಂಟರು ತಲೆದೂಗಿದರು. ಅದು ಹೊಗಳಿಕೆ ಎಂದೇ ಎಲ್ಲರೂ ತಿಳಿದರು. ಬಾಗಿಲ ಸಂದಿನಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ವರದಾ ಕೂಡ.

ಆ ಮನೆಯ ಬೆಳಗಿನ ಕೆಲಸಕ್ಕೆ ಕೊನೆ ಎಂಬುದಿರಲಿಲ್ಲ. ಎಮ್ಮೆ ಕರೆದು ಒಳಗೆ ಬಂದರೆ ಒಲೆಯ ಮೇಲೆ ನೀರು ಕಾದಿರುತ್ತಿತ್ತು. ಅದನ್ನು ಅತ್ತೆಗೆಂದು ಬಚ್ಚಲಿಗೆ ಹೊಯ್ದು ಬರುವಷ್ಟರಲ್ಲಿ ರೊಟ್ಟಿಯ ಹಿಟ್ಟು ಕಾಯುತ್ತಿತ್ತು. ರೊಟ್ಟಿ ಮುಗಿಯಿತು ಅನ್ನುವಾಗ ಗಂಡ ತಿಮ್ಮಣ್ಣ ಮನೆಯ ಮುಂದಿನ ಅಂಗಡಿಯಿಂದಲೇ ಚಹಾಕ್ಕೆ ಕೂಗುತ್ತಿದ್ದ. ಒಂದು ಮುಗಿದದ್ದೇ ತಡ, ಅದರ ಕೆಳಗಿನಿಂದ ಇನ್ನೊಂದು ಎದ್ದು ಬರುತ್ತಿತ್ತು; ಇನ್ನೆಷ್ಟು ಉಳಿದಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಆಮೇಲೆ ಬಸ್ಸು. ಬನವಾಸಿ ಕಡೆಯಿಂದ ಅದು ತುಂಬಿಕೊಂಡೇ ಬರುತ್ತಿತ್ತು. ಕಂಬಿ ಹಿಡಿದು ನಿಂತು ಶಿರಸಿ ಮುಟ್ಟುವ ಹೊತ್ತಿಗೆ ಅವಳ ಪಾದಗಳು ಚಪ್ಪಲಿಯ ಪಟ್ಟಿಯ ಎರಡೂ ಬದಿಗೆ ಉಬ್ಬಿರುತ್ತಿದ್ದವು.

ಶಿರಸಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಆರೋಗ್ಯ ನಿಧಿಯ ಕಚೇರಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಸಾವಿರಾರು ಮನೆಗಳು ಅದರ ಸದಸ್ಯರು. ಪ್ರತಿ ಯುಗಾದಿಗೆ ಹೊಸ ಕಾರ್ಡು. ಕಾರ್ಡು ತೋರಿಸಿದರೆ ಆಸ್ಪತ್ರೆಯಲ್ಲಿ ಹಾಸಿಗೆ, ಶಿಬಿರದಲ್ಲಿ ಸರತಿ. ತೊಂಬತ್ತೆಂಟರಲ್ಲಿ ಕಚೇರಿಗೆ ಕಂಪ್ಯೂಟರು ಬಂದಾಗ, ಟೈಪಿಂಗ್ ಪಾಸಾಗಿದ್ದ ವರದಾಳನ್ನು ಅದರ ಮುಂದೆ ಕೂರಿಸಿದರು. ಅಷ್ಟೂ ಮನೆಗಳ ಹೆಸರನ್ನು ಅದರೊಳಗೆ ಹಾಕಿದವಳು ಅವಳೇ.

ಆ ಹಳೆಯ ತಂತ್ರಾಂಶಕ್ಕೆ ಒಂದು ಗುಣವಿತ್ತು. ಬೆಳಿಗ್ಗೆ ಸದಸ್ಯರ ಪಟ್ಟಿ ತೆರೆದರೆ ಮೂರು ತಾಲೂಕಿನ ಮನೆಗಳನ್ನೂ ಒಂದು ಬಿಡದೆ ಹೊತ್ತು ತಂದ ಮೇಲೆಯೇ ಅದು ಮುಖ ತೋರಿಸುತ್ತಿತ್ತು. ಅಲ್ಲಿಯವರೆಗೆ ಪರದೆ ಬೆಳ್ಳಗೆ. ನಡುವೆ ಒಂದು ಪುಟ್ಟ ಮರಳುಗಡಿಯಾರ. ಹತ್ತಿರ ಹತ್ತಿರ ಅರ್ಧ ಗಂಟೆ ಯಾರೂ ಏನೂ ಮಾಡುವ ಹಾಗಿಲ್ಲ. ವರದಾ ಮೇಜಿನ ಕೆಳಗಿನ ಖಾನೆಯನ್ನು ಎಳೆದು ಅದರ ಮೇಲೆ ಕಾಲು ಚಾಚುತ್ತಿದ್ದಳು. ತಲೆಯನ್ನು ಗೋಡೆಗೆ ಆನಿಸಿ ಫ್ಲಾಸ್ಕಿನ ಚಹಾವನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಏನನ್ನೂ ಯೋಚಿಸುತ್ತಿರಲಿಲ್ಲ. ಪಾದದ ಬಾವು ಇಳಿಯುವುದು ಅವಳಿಗೆ ಗೊತ್ತಾಗುತ್ತಿತ್ತು.

ವ್ಯವಸ್ಥಾಪಕ ಗಣಪ ಹೆಗಡೆ ಹಾಯುವಾಗ ಕೇಳುತ್ತಿದ್ದರು. “ಎಂತ ವರದಾ, ಬಂತಾ?”

“ಬರ್ತಾ ಉಂಟು ಸರ್.”

ಅಲ್ಲಿಗೆ ಮುಗಿಯಿತು. ಹೆಂಗಸು ಸುಮ್ಮನೆ ಕೂತಿದ್ದಾಳೆ ಎಂದು ಯಾರೂ ಅನ್ನುವಂತಿರಲಿಲ್ಲ, ಯಂತ್ರ ದುಡಿಯುತ್ತಿತ್ತಲ್ಲ. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಜ್ವರ ಬಂದಾಗಲೂ ಅವಳಿಗೆ ಇಷ್ಟು ಗಟ್ಟಿಯಾದ ಕಾರಣ ಸಿಕ್ಕಿರಲಿಲ್ಲ.

ಎರಡು ಸಾವಿರದ ಮೂರನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಯಲ್ಲಾಪುರ ಕಡೆಯ ನಂದೊಳ್ಳಿಯ ಸುಮಂತ ಬಂದ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತು ಶಿರಸಿಯಲ್ಲೇ ಅಂಗಡಿ ಇಟ್ಟಿದ್ದವನು. ನಾಲ್ಕು ದಿನ ಕೂತು ಹೊಸ ತಂತ್ರಾಂಶ ಹಾಕಿ ಎಲ್ಲರನ್ನೂ ಕರೆದ.

“ನೋಡು ಗಣಪಣ್ಣ, ಒತ್ತಿದ್ದೇ ತಡ ಬಂತು. ಇನ್ನು ಕಾಯ ಕೆಲ್ಸವೇ ಇಲ್ಲೆ.”

ಪರದೆಯ ಮೇಲೆ ಐವತ್ತು ಹೆಸರು ಕಣ್ಣು ಮಿಟುಕಿಸುವುದರೊಳಗೆ ಬಂದು ನಿಂತಿದ್ದವು.

“ಉಳಿದವ್ರು ಎಲ್ಲಿ?” ವರದಾ ಕೇಳಿದಳು.

“ಒಳಗೇ ಇದ್ದಾರೆ ಅಕ್ಕ. ನೀವು ಪಟ್ಟಿ ಕೆಳಗೆ ಎಳೆದ ಹಾಗೆ ಬರ್ತಾರೆ. ಪಂಕ್ತೀಲಿ ಬಡಿಸೂದು ನೋಡಿಲ್ವ? ಕೊಪ್ಪರಿಗೆ ಅನ್ನ ಎಲ್ಲ ಒಂದೇ ಸಲ ಎಲೆಗೆ ಸುರೀತಾರಾ? ಉಂಡ ಹಾಗೆ ಬಡಿಸ್ತಾ ಹೋಗೂದು.”

“ಹಂಗೇ ಹೋಳಿಗೆನೂ ಬರ್ಲಿ ಮಾರಾಯ,” ಎಂದು ಹೆಗಡೆ ನಕ್ಕರು. ಎಲ್ಲರೂ ನಕ್ಕರು.

ವರದಾಳೂ ನಕ್ಕಳು. ಆದರೆ ಅವಳು ಪಂಕ್ತಿಯನ್ನು ಎಲೆಯ ಕಡೆಯಿಂದ ಕಂಡದ್ದು ಕಡಿಮೆ, ಸೌಟಿನ ಕಡೆಯಿಂದ ಕಂಡದ್ದೇ ಹೆಚ್ಚು. ಉಂಡ ಹಾಗೆ ಬಡಿಸಬೇಕಾದರೆ ಒಬ್ಬಳು ನಿಂತೇ ಇರಬೇಕು. ಕೊನೆಯ ಪಂಕ್ತಿ ಅಡಿಗೆ ಮಾಡಿದ ಹೆಂಗಸರದ್ದು. ಆ ಹೊತ್ತಿಗೆ ಸಾರಿನಲ್ಲಿ ನೀರೇ ಹೆಚ್ಚು. ಗಂಡಸರು ಕೈ ತೊಳೆದದ್ದೇ ಊಟ ಮುಗಿಯಿತೆಂದು ಮಿಕ್ಕ ಅನ್ನವನ್ನು ಆಳುಗಳಿಗೆ ಹಂಚಿಬಿಟ್ಟದ್ದೂ ಉಂಟು. ಒಳಗೆ ಇನ್ನೂ ಜನ ಇದ್ದಾರೆಂದು ಆಗ ಯಾರಿಗೂ ನೆನಪಾಗಿರಲಿಲ್ಲ.

ಮರುದಿನ ಅವಳು ಕುರ್ಚಿ ಎಳೆದುಕೊಳ್ಳುವ ಮೊದಲೇ ಪಟ್ಟಿ ತೆರೆದುಕೊಂಡಿತು. ಫ್ಲಾಸ್ಕಿನ ಮುಚ್ಚಳ ತಿರುಗಿಸುವಷ್ಟರಲ್ಲಿ ಎದುರಿಗೆ ಜನ. “ಬೇಗ ಆಗ್ತದಲ್ಲ ಈಗ,” ಅಂದರು ಹೆಗಡೆ, “ಬೆಳಗಿನ ಟಪಾಲೂ ನೀನೇ ನೋಡಿಬಿಡು.” ಚಹಾ ಸಂಜೆಯವರೆಗೂ ಹಾಗೇ ಉಳಿಯಿತು. ಮನೆಗೆ ಹೋಗಿ ಅವಳು ಅದನ್ನು ಮೋರಿಗೆ ಚೆಲ್ಲಿದಳು.

ಹದಿನೈದು ದಿನ ಕಳೆದಿರಬಹುದು. ಒಂದು ಬೆಳಿಗ್ಗೆ ಕಾಲು ಸೆಳೆಯುತ್ತಿತ್ತು; ಯಾವ ಹೆಸರು ಹುಡುಕಬೇಕೆಂದೂ ನೋಡದೆ ಅವಳು ಪರದೆಯ ಬದಿಯ ಜಾರುಪಟ್ಟಿಯನ್ನು ಹಿಡಿದು ಸೀದಾ ತಳಕ್ಕೆ ಎಳೆದುಬಿಟ್ಟಳು. ಯಂತ್ರ ತಡವರಿಸಿತು. ಪರದೆ ಬೆಳ್ಳಗಾಯಿತು. ಮರಳುಗಡಿಯಾರ ಬಂತು. ತಾಲೂಕುಗಳೂ ಅವುಗಳೊಳಗಿನ ಊರುಗಳೂ ಅಕ್ಷರದ ಕ್ರಮದಲ್ಲಿದ್ದವು. ಕಟ್ಟಕಡೆಯದು ಸಿದ್ದಾಪುರ ತಾಲೂಕಿನ ಹೇರೂರು. ಅಲ್ಲಿಯವರೆಗಿನ ಅಷ್ಟೂ ಮನೆಗಳನ್ನು ತರುವುದಕ್ಕೆ ಅದಕ್ಕೆ ಹಿಂದಿನಷ್ಟೇ ಹೊತ್ತು ಬೇಕಿತ್ತು. ಅವಳ ಕಾಲುಗಳು ತಾವಾಗಿಯೇ ಖಾನೆಯ ಮೇಲೆ ಹೋದವು.

ಅಂದಿನಿಂದ ಅದು ದಿನದ ಮೊದಲ ಕೆಲಸವಾಯಿತು.

“ಮತ್ತೆಂತದು ವರದಾ?”

“ಹೇರೂರಿನ ತನಕ ಎಲ್ಲ ಬಂದದ್ದಾ ಅಂತ ನೋಡ್ತಾ ಇದ್ದೆ ಸರ್.”

ಸುಳ್ಳೇನಲ್ಲ. ಆ ಯುಗಾದಿಗೆ ಮೂರೂ ತಾಲೂಕಿನ ಕಾರ್ಡುಗಳು ಸರಿಯಾಗಿ ಅಚ್ಚಾದವು. ಅವಳು ಬೆಳಿಗ್ಗೆ ಪಟ್ಟಿಯನ್ನು ಕೊನೆಯವರೆಗೆ ಎಳೆದಿದ್ದರಿಂದಲೇ ಸರಿಯಾದದ್ದು ಎಂಬುದು ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ಮಳೆಗಾಲದ ನಂತರ ಇನ್ನೆರಡು ಕಂಪ್ಯೂಟರು ಬಂದು ಮೂರಕ್ಕೂ ತಂತಿ ಜೋಡಿಸಿದರು. ಈಗ ವರದಾ ಪಟ್ಟಿ ಎಳೆದರೆ ಉಳಿದೆರಡೂ ಕಲ್ಲಾಗುತ್ತಿದ್ದವು. ಸುಮಂತ ಬಂದು ನೋಡಿ ಕಾರಣ ಹಿಡಿದ. ಹೆಗಡೆ ಎಲ್ಲರೆದುರೇ ಕೇಳಿದರು. “ನೋಡದ ಹೆಸರನ್ನೆಲ್ಲ ಎಂತಕ್ಕೆ ಕರೀತೀಯೆ?”

ಪಕ್ಕದ ಮೇಜಿನ ಅಭಿಜ್ಞಾ ಬಾಯಿ ಹಾಕಿದಳು. “ವರದಕ್ಕಂಗೆ ಹೇರೂರಲ್ಲಿ ನೆಂಟ್ರಿದ್ದಾರೆ ಸರ್. ದಿನಾ ಮಾತಾಡಿಸ್ದೆ ಇದ್ರೆ ಮುನಿಸು!”

ನಗೆಯೆದ್ದಿತು. ಕೂರುವುದಕ್ಕೆ ಎಂಬುದೇ ವರದಾಳ ನಿಜವಾದ ಉತ್ತರ. ಕಚೇರಿಯದು ಹೇಗೂ ಕೂತು ಮಾಡುವ ಕೆಲಸ ಎಂದು ಮನೆಯಲ್ಲಿ ಹೇಳುತ್ತಿದ್ದರು; ಇಲ್ಲಿ ಅದನ್ನು ಯಾರಿಗೆ ಬಿಡಿಸಿ ಹೇಳುವುದು? “ಇನ್ನು ಕೊನೆ ತನಕ ಎಳೆಯೂದಿಲ್ಲ ಸರ್,” ಎಂದಳು. ಎಳೆಯಲಿಲ್ಲ.

ಮುಂದಿನ ಯುಗಾದಿಗೆ, ದಿನದ ಹುಡುಕಾಟದಲ್ಲಿ ಸಿದ್ದಾಪುರದ ನಡುವಿನವರೆಗೆ ಬಂದಿದ್ದ ಪಟ್ಟಿಯಲ್ಲಿ ‘ಎಲ್ಲವನ್ನೂ ಆರಿಸು’ ಎಂಬುದನ್ನು ಒತ್ತಿ, ಅಚ್ಚಿಗೆ ಕೊಟ್ಟು, ಎದುರಿಗಿದ್ದ ಜನರ ಕಡೆ ತಿರುಗಿದಳು. ಕಾರ್ಡುಗಳನ್ನು ಊರೂರಿನ ಕಟ್ಟು ಮಾಡಿ ಬಸ್ಸಿಗೆ ಹಾಕುವವರು ಬೇರೆ. ಸಿದ್ದಾಪುರದ ಕಟ್ಟು ತೆಳ್ಳಗಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಬೇಸಗೆ ಮುಗಿಯುವ ಹೊತ್ತಿಗೆ ಹೇರೂರಿನ ಸೀತಮ್ಮ ಮೆಟ್ಟಿಲು ತಡವುತ್ತ ಮೇಲೆ ಬಂದರು. ಎರಡೂ ಕಣ್ಣಿಗೆ ಪೊರೆ. ಕಣ್ಣಿನ ಶಿಬಿರಕ್ಕೆ ಹೋಗಿದ್ದರಂತೆ, ಕಾರ್ಡಿಲ್ಲ ಎಂದು ಅವರ ಸರತಿಯನ್ನು ಬೇರೆಯವರಿಗೆ ಕೊಟ್ಟರಂತೆ.

“ಊರಿಗೆ ಊರಿಗೇ ಕಾರ್ಡು ಬೈಂದಿಲ್ಲೆ ತಂಗಿ. ಎಂಗವೆಲ್ಲ ಸತ್ತೋದ್ಯ ಹೇಳಿ ತಿಳ್ಕಂಡ್ರ?”

ವರದಾ ಅವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಮುದುಕಿಯ ಬೆರಳ ತುದಿಗಳ ಮೇಲೆಲ್ಲ ಸುಟ್ಟ ಕಲೆ.

“ಅಡಿಗೆ ನೀವೇ ಮಾಡ್ತೀರಾ?”

“ಮತ್ಯಾರು? ವಾಸನೆ ಮೇಲೆ ಮಾಡದು,” ಎಂದು ಅವರು ನಕ್ಕರು. ಇನ್ನೊಂದು ಶಿಬಿರವಿದ್ದದ್ದು ಮಳೆಗಾಲ ಕಳೆದ ಮೇಲೆ.

ಸುಮಂತನನ್ನು ಕರೆಸಿದರು. ಅವನು ಕೂತು ನೋಡಿ ಕೆನ್ನೆ ತುರಿಸಿಕೊಂಡ. “ಪರದೆಗೆ ಬಂದವ್ರಷ್ಟೇ ಅಚ್ಚಾಗಿದ್ದಾರೆ. ಹೋದ ವರ್ಷ ಅಕ್ಕ ಕೊನೆ ತನಕ ಎಳೀತಾ ಇದ್ರಲ್ಲ, ಹಂಗಾಗಿ ಎಲ್ಲ ಬಂದಿತ್ತು.”

ಹೆಗಡೆ ಅವಳ ಕಡೆ ತಿರುಗಿದರು. “ಹಾಗಾದ್ರೆ ಈ ಸಲ ಎಂತಕ್ಕೆ ಎಳೀಲಿಲ್ಲ ನೀನು?”

ನೀವೇ ಬೇಡ ಅಂದಿರಿ ಎನ್ನಬಹುದಿತ್ತು. ಅವಳ ಬಾಯಿಂದ ಬಂದದ್ದು ಬೇರೆಯೇ. “ಇನ್ನು ಮೇಲೆ ದಿನಾ ಬೆಳಿಗ್ಗೆ ಎಳೀಲಾ ಸರ್?”

ಕೇಳುವಾಗ ಧ್ವನಿಯಲ್ಲಿ ಆಸೆ ಇಣುಕಿದ್ದು ಅವಳಿಗೇ ಕೇಳಿಸಿತು. ಅವಳದೇ ಕುರ್ಚಿಯಲ್ಲಿ ಕೂತು ಆ ಮುದುಕಿ ಬೆರಳು ಸವರಿಕೊಳ್ಳುತ್ತಿದ್ದರು. ಆ ಕಣ್ಣುಗಳ ನಷ್ಟದಿಂದ ತನಗೊಂದು ಅರ್ಧ ಗಂಟೆ ಸಿಗಬಹುದೆಂದು ಎದೆ ಹಗುರಾದದ್ದು ನೆನೆದು ಅವಳ ಮುಖ ಬಿಸಿಯಾಯಿತು. ಆದರೂ ಉತ್ತರಕ್ಕೆ ಕಾದಳು.

“ಛೆ, ಬೇಡ ಬೇಡ,” ಅಂದ ಸುಮಂತ. “ನಾನೇ ಸರಿ ಮಾಡ್ತೇನೆ. ಪರದೆಗೆ ಬರಲಿ, ಬಿಡಲಿ, ಅಚ್ಚು ಎಲ್ರದ್ದೂ ಆಗ್ತದೆ.”

ಮಧ್ಯಾಹ್ನದೊಳಗೆ ಸರಿಮಾಡಿ ಹೋದ. ಹೇರೂರಿನ ಕಾರ್ಡುಗಳು ಮರುದಿನವೇ ಹೊರಟವು. ಕೊನೆಯವರೆಗೆ ಎಳೆಯುವುದಕ್ಕೆ ಇನ್ನು ಯಾವ ಕಾರಣವೂ ಉಳಿಯಲಿಲ್ಲ. ಉಳಿದ ಹೊತ್ತಿಗೆ ಹೆಗಡೆ ಅವಳಿಗೆ ಮುಂಭಾಗದ ಕಿಟಕಿಯಲ್ಲಿ ಬಂದವರನ್ನು ವಿಚಾರಿಸುವ ಕೆಲಸವನ್ನೂ ಕೊಟ್ಟರು. ಅದು ನಿಂತು ಮಾಡುವ ಕೆಲಸ.

ಆ ವಾರ ಒಂದು ಸಂಜೆ ಶಿರಸಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳು ಕೂತಳು. ಎದುರಿಗೇ ಬನವಾಸಿ ಬಸ್ಸು ಗುರುಗುಟ್ಟುತ್ತಿತ್ತು. ಅವಳ ಊರಿನ ಸೌಮ್ಯ ಕಿಟಕಿಯಿಂದ ಕೂಗಿದಳು. “ಯಾಕ ಅಕ್ಕಾರ, ಅಲ್ಲೇ ಕುಂತೀರಿ? ಬಸ್ ಹೊಂಟೈತಿ, ಬರ್ರಿ ಬರ್ರಿ!”

“ಗದ್ಲ ಐತಿ. ಮುಂದಿನದಕ್ಕ ಬರ್ತೀನಿ, ನೀ ನಡಿ.”

ಸೌಮ್ಯಳ ಪಕ್ಕದ ಸೀಟು ಖಾಲಿಯೇ ಇತ್ತು. ಅವಳು ಒಮ್ಮೆ ಸೀಟನ್ನು, ಒಮ್ಮೆ ವರದಾಳನ್ನು ನೋಡಿದಳು. ಬಸ್ಸು ಹೋಯಿತು. ವರದಾ ಚಪ್ಪಲಿ ಬಿಟ್ಟು ಚೀಲದ ಮೇಲೆ ಕಾಲು ಚಾಚಿದಳು.

ಮನೆಯಲ್ಲಿ ದುರ್ಗಮ್ಮ ಬಾಗಿಲಲ್ಲೇ ನಿಂತಿದ್ದರು. “ಎಮ್ಮಿ ಒದರಾಕತ್ತೈತಿ. ಇಷ್ಟೊತ್ತ್ಯಾಕ?”

“ಬಸ್ ಬರಲಿಲ್ಲತ್ತಿ.”

ಆಮೇಲೆ ಅದೇ ಅವಳ ರೂಢಿಯಾಯಿತು. ಒಂದು ಬಸ್ಸು ಬಿಡುವುದು, ಇನ್ನೊಂದಕ್ಕೆ ಏರುವುದು. ಬಸ್ಸನ್ನು ಊರೆಲ್ಲ ಬಯ್ಯುತ್ತಿತ್ತು. ಅವಳನ್ನು ಯಾರೂ ಬಯ್ಯಲಿಲ್ಲ.

ಮಳೆಗಾಲ ಮುಗಿದ ಮೇಲೆ ಬನವಾಸಿ ದಾರಿಗೆ ಸಂಜೆಯ ಹೊತ್ತು ಇನ್ನೆರಡು ಬಸ್ಸು ಬಿಟ್ಟರು. ದಾಸನಕೊಪ್ಪದಲ್ಲಿ ತೆಂಗಿನಕಾಯಿ ಒಡೆದು, ಚಾಲಕನಿಗೆ ಹಾರ ಹಾಕಿ, ಪೇಡೆ ಹಂಚಿದರು. ತಿಮ್ಮಣ್ಣನೇ ಮುಂದೆ ನಿಂತಿದ್ದ. ದುರ್ಗಮ್ಮ ಪೇಡೆಯ ತುಂಡೊಂದನ್ನು ಸೊಸೆಯ ಕೈಗಿಟ್ಟರು. “ಪುಣ್ಯಾ ಬಂತು ನೋಡು. ಇನ್ನ ದಾರಿ ಕಾಯೂದು ತಪ್ಪಿತು ನಿನಗ.”

ವರದಾ ಅದನ್ನು ನಿಂತೇ ತಿಂದಳು.