ಮೂರನೆಯ ಪಿಸ್ಟನ್

ಯುದ್ಧದ ಕಾಲದಲ್ಲಿ ಹೊಸೂರಿನ ಕೃಷ್ಣಗಿರಿ ರಸ್ತೆಯ ಪಕ್ಕ ನನ್ನದೊಂದು ಮೋಟಾರು ರಿಪೇರಿ ಶೆಡ್ಡಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಅದರ ಬೂದಿ ಇಂಜಿನ್ನಿನೊಳಗೆ ನುಗ್ಗಿ ಎಲ್ಲವನ್ನೂ ಸವೆಸಿಬಿಡುತ್ತಿತ್ತು. ರಾಯಕೋಟೆಗೆ ಹೋಗುವ ಬಸ್ಸು ಹಾಗೆ ಸವೆದು, ಏದುಸಿರು ಬಿಡುತ್ತ ನನ್ನ ಶೆಡ್ಡಿಗೆ ಬಂತು. ಅದರ ಡ್ರೈವರ್ ನಮ್ಮ ಭಾವ, ಅಕ್ಕನ ಗಂಡ. ಅವರ ಮನೆ ದಾರಿಯಲ್ಲೇ ಸಿಗುವ ಉದ್ದನಪಲ್ಲಿಯಲ್ಲಿ.

ಇಂಜಿನ್ ಬಿಚ್ಚಿ, ನಾಲ್ಕು ಪಿಸ್ಟನ್ನುಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹಲಗೆಯ ಮೇಲೆ ಸಾಲಾಗಿಟ್ಟೆ. ಒಂದೊಂದನ್ನೇ ತೂಗುಹಾಕಿ ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಗಟ್ಟಿ ಪಿಸ್ಟನ್ನು ಕಂಚಿನ ಬಟ್ಟಲಿನ ಹಾಗೆ ನುಡಿಯುತ್ತದೆ. ಮೂರು ನುಡಿದವು. ಸಾಲಿನ ಮೂರನೆಯದು ಮಾತ್ರ ನುಡಿಯಲಿಲ್ಲ. ಕಣ್ಣಿಗೆ ಏನೂ ಕಾಣಲಿಲ್ಲ. ಮತ್ತೆ ಸೀಮೆಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಬಳಿದು ಕಾದೆ. ಪಿನ್ನು ಕೂರುವ ತೂತಿನ ಪಕ್ಕದಲ್ಲಿ ಸುಣ್ಣ ನಿಧಾನವಾಗಿ ಒದ್ದೆಯಾಗಿ ಕೂದಲೆಳೆಯಷ್ಟು ಗೆರೆ ಮೂಡಿತು. ಬಿರುಕು.

ಬಸ್ಸಿನ ಯಜಮಾನರೂ ಭಾವನೂ ಅಲ್ಲೇ ನಿಂತಿದ್ದರು.

"ಇದೂ ಒಂದು ಗೆರೇನಾ? ಹಳೇದ್ನೇ ಹಾಕಪ್ಪ. ಇಂಜಿನ್ ಸವೀತು ಅಂತ ಹೊಸ ಪಿಸ್ಟನ್ನಿಗೆ ಮದರಾಸಿಗೆ ಬರೆದು ಎರಡು ತಿಂಗಳಾಯ್ತು, ಬತ್ತದೆ ಬತ್ತದೆ ಅಂತಾರೆ, ಬರೋದೇ ಇಲ್ಲ" ಎಂದರು ಯಜಮಾನರು.

"ನಾನು ಮೆಲ್ಲಗೆ ಓಡಿಸ್ತೀನಿ ಕಣಯ್ಯ. ನನ್ ಕೈ ನಿಂಗೆ ಗೊತ್ತಿಲ್ವಾ?" ಎಂದರು ಭಾವ.

"ಕೈ ಮಾತಲ್ಲ ಭಾವ. ಇಳಿಜಾರಲ್ಲಿ ಇದು ಒಡೀತು ಅಂದ್ರೆ ಇದಕ್ಕೆ ಕಟ್ಟಿರೋ ರಾಡು ಇಂಜಿನ್ ಸೀಳ್ಕೊಂಡು ಆಚೆ ಬತ್ತದೆ. ಚಕ್ರ ಹಿಡ್ಕೊಂಬುಡ್ತದೆ. ಒಳಗೆ ಮೂವತ್ತು ಜನ ಕೂತಿರ್ತಾರೆ. ನಾನು ಹಾಕಲ್ಲ."

ಭಾವ ಸ್ವಲ್ಪ ಹೊತ್ತು ಆ ಪಿಸ್ಟನ್ನನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಆಮೇಲೆ ಹಲಗೆಯ ಮೇಲೆ ಇಟ್ಟು, "ನೀನು ಹೇಳ್ದಂಗೆ" ಎಂದರು. ಬಸ್ಸು ಶೆಡ್ಡಿನ ಪಕ್ಕದ ಹುಣಸೆಮರದಡಿ ನಿಂತಿತು.

ಅಕ್ಕನಿಗೆ ಆಗ ದಿನ ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ. ಹೊಸೂರಿಗೆ ತವರಿಗೆ ಕರೆತರಬೇಕಿತ್ತು. ಅಮ್ಮನ ಮಾತಿನಂತೆ ನಾನು ಸೈಕಲ್ಲಿನಲ್ಲಿ ಉದ್ದನಪಲ್ಲಿಗೆ ಹೋಗಿ, ಗಾಡಿ ಕಟ್ಟಿಸುತ್ತೇನೆ, ಹೊರಡು ಎಂದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ನಕ್ಕಳು.

"ಆ ರಸ್ತೇಲಿ ಎತ್ತಿನ ಗಾಡಿ ಕುಲುಕಾಟ ನನ್ ಕೈಲಾಗಲ್ಲ ಕಣ್ಲಾ. ನೀನು ಬಸ್ ರಿಪೇರಿ ಮಾಡು, ನಿಮ್ ಭಾವನ ಪಕ್ಕದಲ್ಲೇ ಕೂತ್ಕೊಂಡು ರಾಣಿ ಹಂಗೆ ಬತ್ತೀನಿ."

"ಪಿಸ್ಟನ್ ಬರ್ಬೇಕಲ್ಲಕ್ಕ."

"ಬತ್ತದೆ ಬಿಡು. ಇನ್ನೂ ಮೂರು ವಾರ ಐತೆ."

ನಾನು ಒತ್ತಾಯ ಮಾಡಲಿಲ್ಲ. ಅದೇ ನನ್ನನ್ನು ಹೆಚ್ಚು ಸುಡುವುದು.

ಹತ್ತು ದಿನಕ್ಕೇ ಬೆಳಿಗ್ಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿದೆ, ಆಸ್ಪತ್ರೆಗೇ ಹೋಗಬೇಕು ಎಂದಳಂತೆ ಸೂಲಗಿತ್ತಿ. ಆ ದಾರಿಗೆ ಇದ್ದದ್ದು ಅದೊಂದೇ ಬಸ್ಸು. ಅದು ನನ್ನ ಶೆಡ್ಡಿನ ಪಕ್ಕ ಹೊಟ್ಟೆ ಬಗೆಸಿಕೊಂಡು ನಿಂತಿತ್ತು. ಭಾವ ಗಾಡಿ ಕಟ್ಟಿದರು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅವರು ಹೊಸೂರು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಗಾಡಿ ನನ್ನ ಮುಂದೆಯೇ ಹೋಯಿತು. ಎತ್ತುಗಳ ಬಾಯಲ್ಲಿ ನೊರೆ, ಹಿಂದಿನ ಹುಲ್ಲಿನ ಮೇಲೆ ಅಕ್ಕನ ಪಾದಗಳು. ಬಿಳುಚಿದ ಆ ಪಾದಗಳನ್ನು ನೋಡಿದಾಗಲೇ ತಡವಾಯಿತೆಂದು ನನಗೆ ಗೊತ್ತಾಯಿತು.

ಮಗು ಉಳಿಯಿತು. ಹೆಣ್ಣು. ಅಕ್ಕ ಉಳಿಯಲಿಲ್ಲ. ಆಸ್ಪತ್ರೆಯ ಡಾಕ್ಟರು ತಮಿಳಿನಲ್ಲಿ, ಇನ್ನೆರಡು ಗಂಟೆ ಮುಂಚೆ ತಂದಿದ್ದರೆ ಎಂದು ಶುರುಮಾಡಿ, ಭಾವನ ಮುಖ ನೋಡಿ ಮಾತು ನಿಲ್ಲಿಸಿದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ವಾರದಲ್ಲೇ ಮದರಾಸಿನಿಂದ ಪಿಸ್ಟನ್ನುಗಳು ಬಂದವು. ಎಣ್ಣೆ ಕಾಗದ ಬಿಚ್ಚಿ ತಟ್ಟಿದೆ. ನಾಲ್ಕೂ ನುಡಿದವು. ಅಳುತ್ತಲೇ ಜೋಡಿಸಿದೆ. ಪರೀಕ್ಷೆಗೆಂದು ಮೊದಲ ಟ್ರಿಪ್ಪಿನಲ್ಲಿ ನಾನೂ ಹೋದೆ. ಇಂಜಿನ್ನು ಒಂದು ಕೊಂಕಿಲ್ಲದೆ ಓಡಿತು. ಅದರ ಸದ್ದಿನಲ್ಲಿ ತಪ್ಪು ಹುಡುಕಿ ಹುಡುಕಿ ಸೋತೆ. ಉದ್ದನಪಲ್ಲಿಯಲ್ಲಿ, ಇಳಿಯುವವರೂ ಹತ್ತುವವರೂ ಇಲ್ಲದ ಕಡೆ, ತಮ್ಮ ಮನೆಯ ಎದುರಿಗೆ ಭಾವ ಬಸ್ಸು ನಿಲ್ಲಿಸಿದರು. ಅವರ ಪಕ್ಕದ ಸೀಟು ಖಾಲಿ ಇತ್ತು. ಹಿಂದಿನಿಂದ ಯಾರೋ "ಯಾರಿಗಪ್ಪ ಕಾಯ್ತಿದೀಯ?" ಎಂದು ಕೂಗಿದರು. ಭಾವ ಒಬ್ಬರು ಹತ್ತಿ ಕೂರುವಷ್ಟು ಹೊತ್ತು ಕಾದು ಗೇರು ಹಾಕಿದರು. ಆ ಖಾಲಿ ಸೀಟಿನ ಕಡೆ ನಾನು ಮತ್ತೆ ಕಣ್ಣೆತ್ತಲಿಲ್ಲ. ಎತ್ತಿದರೆ ಅಲ್ಲಿ ಅವಳು ಕೂತಿರುತ್ತಾಳೆ ಎಂಬ ಭಯ.

ಮಗುವನ್ನು ಅಮ್ಮನೇ ನಮ್ಮ ಮನೆಯಲ್ಲಿ ಸಾಕುತ್ತಿದ್ದಳು. ಏಳೆಂಟು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಭಾವ ಶೆಡ್ಡಿಗೆ ಬಂದು ಮೂಲೆಯಲ್ಲಿದ್ದ ಆ ಹಳೆಯ ಪಿಸ್ಟನ್ನನ್ನು ತೆಗೆದರು.

"ಇದನ್ನ ಒಡ್ದು ತೋರ್ಸು."

ಗರಗಸ ಹಿಡಿದು ಬಿರುಕಿನ ಹತ್ತಿರದವರೆಗೆ ಕೊಯ್ದು, ಇಕ್ಕಳದಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಹೊಡೆದೆ. ಎರಡು ಹೋಳಾಯಿತು. ಒಡೆದ ಮುಖದಲ್ಲಿ ಹಳೆಯ ಬಿರುಕು ಕಪ್ಪಗಿತ್ತು, ಈಗ ಒಡೆದದ್ದು ಬೆಳ್ಳಗೆ ಹೊಳೆಯುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಕಪ್ಪು.

"ನೀನು ಹೇಳಿದ್ದು ಸರೀನೇ" ಎಂದರು ಭಾವ. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಒಂದು ಟ್ರಿಪ್ಪು ತಡೀತಿತ್ತಾ? ನಮ್ಮೂರಿಂದ ಇಲ್ಲಿಗೆ, ಒಂದೇ ಒಂದು?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ತಡೀತಿತ್ತು ಭಾವ. ಒಂದು ತಿಂಗಳೇ ತಡೀತಿತ್ತೇನೋ."

ಅವರು ತಲೆಯಾಡಿಸಿ, ಹೋಳುಗಳನ್ನು ಹಲಗೆಯ ಮೇಲಿಟ್ಟು, ಮೂರು ಗಂಟೆಯ ಟ್ರಿಪ್ಪಿಗೆ ಹೊತ್ತಾಯಿತೆಂದು ಎದ್ದರು. ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಮಗೀಗೆ ಹಲ್ಲು ಬಂದದಂತಲ್ಲ, ನಿಮ್ಮಮ್ಮ ಹೇಳಿದ್ರು" ಎಂದರು. "ಎರಡು" ಎಂದೆ. "ಸಂಜೆ ಬಂದು ನೋಡ್ಕೊಂಡು ಹೋಗ್ತೀನಿ" ಎಂದು ಹೊರಟರು.

ಆ ಸಂಜೆ ಅವರು ಬಂದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಮ್ಮ ಜಗಲಿಯಲ್ಲೇ ಊಟ ಮಾಡಿದರು. ನನ್ನ ಕಡೆ ಉಪ್ಪಿನಕಾಯಿ ಸರಿಸಿದರು. ನಾನು ಅದನ್ನು ಮುಟ್ಟಲಾರದೆ ಕೂತಿದ್ದೆ.