ರಜೆಗೆ ಕಾರಣ ಕೊಡಬೇಕಾದ ಮಾಲೀಕ

ಗೆಳೆಯರೇ, ನಾನೊಬ್ಬ ಮಾಲೀಕ ಎಂಬುದು ಇವತ್ತು ಕೋರ್ಟಿನಲ್ಲಿ ಗೊತ್ತಾಯಿತು.

ಆ್ಯಪ್ ನೋಡಿಕೊಂಡು ವಿಜಯಪುರದಲ್ಲಿ ಆಟೋ ಓಡಿಸುವ ನಾವು ಕಂಪನಿಯ ನೌಕರರು ಹೌದೋ ಅಲ್ಲವೋ ಎಂಬ ಕೇಸು ಬಹಳ ದಿನಗಳಿಂದ ನಡೆದಿದೆ. ಇವತ್ತು ಕಂಪನಿಯ ವಕೀಲರು ಎದ್ದು ನಿಂತು, "ಇವರು ನಮ್ಮ ನೌಕರರಲ್ಲ ಸ್ವಾಮಿ, ತಮ್ಮ ಗಾಡಿಗೆ ತಾವೇ ಮಾಲೀಕರು. ಬೇಕಾದಾಗ ಬರ್ತಾರೆ, ಬೇಡವಾದಾಗ ಹೋಗ್ತಾರೆ. ನಾವು ಕೇಳೋದೇ ಇಲ್ಲ" ಎಂದರು. ಮತ್ತೆ ಮುಂದಿನ ತಾರೀಖು ಬಿತ್ತು. ಇದು ಎಷ್ಟನೆಯದೋ, ಎಣಿಸುವುದನ್ನು ಬಿಟ್ಟಿದ್ದೇನೆ.

ಹೊರಗೆ ಬಂದು ಫೋನ್ ತೆರೆದರೆ ಅದೇ ಕಂಪನಿಯ ಸಂದೇಶ: "ಬೆಳಗಿನಿಂದ ನೀವು ಕೆಲಸಕ್ಕೆ ಬಂದಿಲ್ಲ. ಕಾರಣ ತಿಳಿಸದಿದ್ದರೆ ನಿಮ್ಮ ಐಡಿ ಬಂದ್ ಆಗುತ್ತದೆ."

ನನ್ನ ಜೊತೆ ಕೇಸು ಹಾಕಿರುವ ತಿಕೋಟಾದ ದಸ್ತಗೀರಣ್ಣನಿಗೂ ಅದೇ ಬಂದಿತ್ತು. ನಮ್ಮ ವಕೀಲರಿಗೆ ತೋರಿಸಲು ಓಡಿದೆವು. ಅವರು ಆಗಲೇ ಸ್ಕೂಟರ್ ಏರಿದ್ದರು.

"ಚಲೋ ಆತ್ ಬಿಡ್ರಿ, ಫೋಟೋ ತಗದ್ ಇಡ್ರಿ. ಮುಂದಿನ ತಾರೀಖಿಗೆ ತೋರ್ಸೂಣು" ಎಂದು ಹೊರಟೇ ಹೋದರು.

ಆ್ಯಪ್‌ನಲ್ಲಿ ಕಾರಣಗಳು ನಾಲ್ಕೇ: ಅನಾರೋಗ್ಯ, ಗಾಡಿ ರಿಪೇರಿ, ಮದುವೆ, ಸಾವು. ಕೋರ್ಟು ಇರಲಿಲ್ಲ. ಬೆಳಗಿನಿಂದ ಒಂದು ಕಪ್ ಚಹಾದ ಮೇಲೆ ಇದ್ದ ನನಗೆ ಯೋಚಿಸುವಷ್ಟು ತ್ರಾಣ ಉಳಿದಿರಲಿಲ್ಲ. ಸಾವು ಒತ್ತಿದೆ.

ದಸ್ತಗೀರಣ್ಣ ಗಾಬರಿಯಾದ. "ಯಪ್ಪಾ, ಯಾರ್ ಸತ್ತಾರಂತ ಕೇಳಿದ್ರ ಏನ್ ಹೇಳ್ತಿ?"

"ಒಳಗ ಕಂಪನಿ ವಕೀಲರು ಹೇಳಿದ್ರಲ್ಲಣ್ಣಾ, ಆ ಗಾಡಿ ಮಾಲಕ. ನಾವ್ ಹೊರಗ ಬರೂದ್ರಾಗ ಸತ್ತಾನ."